ವಸುಧಾ ಹಾಕಿದ ಗಂಟು

ಗಂಟು ಬಿಚ್ಚಿರಲಿಲ್ಲ. ಬಿಚ್ಚಿಕೊಂಡಿತು ಅಂತ ನಾನು ಹೇಳಿದ್ದು ಸುಳ್ಳು. ನಾಲ್ಕು ವರ್ಷದಿಂದ ನಮ್ಮ ಮನೆಯವರೆಲ್ಲ ಆ ಸುಳ್ಳನ್ನೇ ನಂಬಿಕೊಂಡಿದ್ದಾರೆ. ಎಲ್ಲರಿಗಿಂತ ಹೆಚ್ಚಾಗಿ ನಂಬಿದವಳು ವಸುಧಾ — ಆ ಗಂಟು ಹಾಕಿದವಳೇ.

ವಸುಧಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವರಿರುವುದು ಡಲ್ಲಾಸ್‌ನಲ್ಲಿ, ನಾವು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ. ಓರಗಿತ್ತಿಯರೆಂದರೆ ಜಗಳವಾಡಲೇಬೇಕು ಅಂತ ಲೋಕದ ಲೆಕ್ಕ. ನಾವು ಒಂದು ದಿನವೂ ಆಡಿದವರಲ್ಲ. ಆಡಿದ್ದರೆ ಒಳ್ಳೆಯದಿತ್ತೇನೋ. ಹೊಟ್ಟೆಯಲ್ಲಿದ್ದದ್ದು ಬಾಯಿಂದಲೇ ಹೊರಗೆ ಹೋಗುತ್ತಿತ್ತು.

ಅವಳು ಹಲ್ಲಿನ ಡಾಕ್ಟರು. ದಾವಣಗೆರೆಯಲ್ಲಿ ಓದಿ, ಇಲ್ಲಿಗೆ ಬಂದು ಮತ್ತೆ ಮೊದಲಿಂದ ಪರೀಕ್ಷೆ ಬರೆದು, ಮಗಳು ನಿಧಿಯನ್ನು ಕಂಕುಳಲ್ಲಿಟ್ಟುಕೊಂಡೇ ಎರಡನೇ ಸಲ ಡಿಗ್ರಿ ತಗೊಂಡವಳು. ಐದು ವರ್ಷದ ಹಿಂದೆ ಫ್ರೀವೇಯಲ್ಲಿ ಹಿಂದಿನಿಂದ ಒಂದು ಟ್ರಕ್ ಬಂದು ಅವಳ ಕಾರಿಗೆ ಗುದ್ದಿತು. ಜೀವಕ್ಕೇನೂ ಆಗಲಿಲ್ಲ, ಬಲ ಮಣಿಕಟ್ಟಿನ ನರಕ್ಕೆ ಪೆಟ್ಟು. ಆಪರೇಷನ್ ಆಯಿತು, ಕೈಯೇನೋ ಆಡತೊಡಗಿತು, ಆದರೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಜೋಮು ಹಿಡಿದ ಹಾಗೇ ಉಳಿದುಬಿಟ್ಟಿತು. ಇನ್ನೊಬ್ಬರ ಬಾಯೊಳಗೆ ಡ್ರಿಲ್ ಹಿಡಿಯುವ ಬೆರಳುಗಳು ಅವು. ಅವಳು ರಜೆ ಹಾಕಿ ಮನೆಯಲ್ಲಿ ಕೂತಳು. ಥೆರಪಿಯವರು ಸಣ್ಣ ಕೆಲಸಗಳನ್ನು ಮಾಡಿ ಅಂದಿದ್ದರು — ಗುಂಡಿ ಹಾಕುವುದು, ಮಣಿ ಪೋಣಿಸುವುದು.

"ಗುಂಡಿ ಗಿಂಡಿ ಎಲ್ಲ ಬಿಡೇ, ನಮ್ಮನೇಗೆ ಬಾ. ಮೀನಿನ ದಾರಕ್ಕೆ ಗಂಟು ಹಾಕೋದು ಕಲಿ," ಅಂದವಳು ನಾನೇ.

ನನಗೆ ಫ್ಲೈ ಫಿಶಿಂಗ್‌ನ, ಅಂದರೆ ಉದ್ದ ದಾರ ಬೀಸಿ ಮೀನು ಹಿಡಿಯುವ ಆಟದ ಹುಚ್ಚು. ಫಾರ್ಮಸಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಮುದುಕ ಹಿಡಿಸಿಹೋದ ಹುಚ್ಚು. ನಾವು ಮೀನು ತಿನ್ನುವವರಲ್ಲ. ಹಿಡಿದು ಮತ್ತೆ ನೀರಿಗೇ ಬಿಡುತ್ತೇನೆ. ಮೈಸೂರಿಂದ ಬಂದಿದ್ದಾಗ ನಮ್ಮತ್ತೆ ನೋಡಿ, "ಬಿಡೋದಾದ್ರೆ ಹಿಡಿಯೋದ್ಯಾಕಮ್ಮ? ಅದರ ಪಾಡಿಗೆ ಅದು ಇರಬಾರದಾ?" ಅಂದಿದ್ದರು. ಇಲ್ಲಿಯ ಕನ್ನಡದವರ ಮಕ್ಕಳಿಗೆಲ್ಲ ನಾನು "ಫಿಶಿಂಗ್ ಆಂಟಿ". ಆ ಹೆಸರಿನ ಜಂಬ ನನಗೆ ಬಹಳ ಇತ್ತು — ಇದನ್ನು ಈಗಲೇ ಹೇಳಿಬಿಡಬೇಕು.

ವಸುಧಾ ತಿಂಗಳಿಗೆರಡು ಸಲ ಬಂದಳು. ನಮ್ಮ ಮನೆಯ ಹಿಂದಿನ ಕೊಳದ ದಡದಲ್ಲಿ ನಿಂತು ದಾರ ಬೀಸುವುದನ್ನು ಕಲಿತಳು. ಗಂಟು ಕಲಿಯುವುದಕ್ಕೆ ಮೊದಲು ಪರದೆಯ ಹಗ್ಗ, ಆಮೇಲೆ ಶೂ ಲೇಸು, ಕೊನೆಗೆ ನೈಲಾನ್. ಗಂಟು ಬಿಗಿಯಾಯಿತೋ ಇಲ್ಲವೋ ಅವಳ ಬೆರಳಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಅದನ್ನು ಕೆಳತುಟಿಗೆ ತಾಗಿಸಿ ಮೆಲ್ಲಗೆ ಎಳೆದು ನೋಡುತ್ತಿದ್ದಳು. "ಬೆರಳಿಗೆ ಗೊತ್ತಾಗದ್ದು ತುಟಿಗೆ ಗೊತ್ತಾಗುತ್ತೆ ಅಕ್ಕ," ಅಂತ ನಗುತ್ತಿದ್ದಳು. ಆರು ತಿಂಗಳಲ್ಲಿ ಅವಳ ದಾರ ನನ್ನದಕ್ಕಿಂತ ದೂರ ಹೋಗಿ, ನನ್ನದಕ್ಕಿಂತ ಮೆತ್ತಗೆ ನೀರಿಗೆ ಬೀಳತೊಡಗಿತು. ಭೇಷ್ ಅಂದೆ. ಅನ್ನುವಾಗ ಒಳಗೊಳಗೇ ಏನೋ ಚುರ್ ಅಂದಿತು.

ಮರುವರ್ಷದ ಜೂನ್‌ನಲ್ಲಿ ನಾವು ನಾಲ್ವರು, ಎರಡು ಜೋಡಿ, ಮಿನ್ನೆಸೋಟಾದ ಒಂದು ಕೆರೆಗೆ ಹೋದೆವು, ಪೈಕ್ ಹಿಡಿಯಲು. ತಣ್ಣೀರಿನ ಮೀನು ಅದು, ನಮ್ಮ ಟೆಕ್ಸಸ್ಸಿನ ಬಿಸಿಲಿಗೆ ಒಗ್ಗುವುದಿಲ್ಲ. ತೋಳುದ್ದದ ಮೈ, ಮೊಸಳೆಯಂಥ ಮೂತಿ, ಬಾಯಿ ತುಂಬ ಹಲ್ಲು. ಏನೇನು ಒಯ್ಯಬೇಕೆಂದು ಆರಿಸುವ ಕೆಲಸ ನನ್ನದು. ಪೈಕ್‌ಗೆ ಒಂಬತ್ತನೇ ನಂಬರಿನ ರಾಡು, ಅಂದರೆ ಗಾಳದ ಕೋಲು, ಸರಿ. ವಸುಧಾಳ ಮಣಿಕಟ್ಟು ನೆನೆದು ಅವಳಿಗೆ ಮಾತ್ರ ಹಗುರವಾದ ಎಂಟನೆಯದನ್ನು ಆರಿಸಿದೆ. ಅಂಗಡಿಯಲ್ಲಿ ಒಂದು ಗಂಟೆ ನಿಂತು ಒಂದೊಂದನ್ನೂ ಬೀಸಿ ನೋಡಿದ್ದೆ. ಹಿಡಿ ಜಾರಬಾರದೆಂದು ಬ್ಯಾಡ್ಮಿಂಟನ್ ರಾಕೆಟ್ಟಿನ ಟೇಪು ಸುತ್ತಿಕೊಟ್ಟೆ. ಅಷ್ಟು ಅಕ್ಕರೆಯಿಂದ ಮಾಡಿದವಳೂ ನಾನೇ ಅನ್ನುವುದು —

ಇರಲಿ. ಲೀಡರ್ ವಿಷಯ ಹೇಳಬೇಕು. ಬೀಸುವ ದಪ್ಪ ದಾರಕ್ಕೂ, ಗರಿ ನೂಲು ಸುತ್ತಿ ಮಾಡಿದ ಹುಸಿಮೀನಿಗೂ ನಡುವೆ ಕಣ್ಣಿಗೆ ಕಾಣದಂಥ ನೈಲಾನ್ ತುಂಡೊಂದು ಇರುತ್ತದೆ, ಅದೇ ಲೀಡರ್. ಪೈಕ್‌ನ ಹಲ್ಲಿಗೆ ಬರೀ ನೈಲಾನ್ ಶಾವಿಗೆ ಇದ್ದ ಹಾಗೆ. ಅದಕ್ಕೇ ಲೀಡರಿನ ಕೊನೆಗೆ ಒಂದಡಿ ಸಣ್ಣ ತಂತಿ ಸೇರಿಸಬೇಕು. ಪೈಕ್ ಹಿಡಿಯುವವರ ಮೊದಲ ಪಾಠವೇ ಇದು.

ಮೊದಲ ಎರಡು ದಿನ ಇಬ್ಬರ ಗಂಟುಗಳನ್ನೂ ನಾನೇ ಹಾಕಿದೆ. ಅವಳಿಗೆ ಐದು ಮೀನು ಸಿಕ್ಕಿತು, ನನಗೆ ಒಂದು, ಅದೂ ಗೇಣುದ್ದದ್ದು. ಊಟದ ಹೊತ್ತಿಗೆ ನನ್ನ ಗಂಡ, "ಇನ್ಮೇಲೆ ಫಿಶಿಂಗ್ ಆಂಟಿ ಪಟ್ಟ ವಸುಧಾಗೆ ಕಣ್ರಪ್ಪಾ," ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಲ್ಲು ಕಚ್ಚಿಕೊಂಡು ನಗುವುದು ಹೇಗೆಂದು ಆವತ್ತು ನನಗೆ ಗೊತ್ತಾಯಿತು.

ಮೂರನೇ ದಿನ ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತ ನಿಂತಿದ್ದೆವು. ಗಂಡಸರು ಇನ್ನೂ ಎದ್ದಿರಲಿಲ್ಲ. ವಸುಧಾ ಇದ್ದಕ್ಕಿದ್ದಂತೆ, "ಅಕ್ಕ, ಇವತ್ತು ಗಂಟು ನಾನೇ ಹಾಕ್ತೀನಿ," ಅಂದಳು. ಸೌಟು ತಿರುವುತ್ತ, "ನಾನು ಹಾಕಿದ ಗಂಟಲ್ಲಿ ಒಂದು ದೊಡ್ಡ ಮೀನು ನಿಂತುಬಿಟ್ರೆ, ಕ್ಲಿನಿಕ್‌ಗೆ ವಾಪಸ್ ಹೋಗ್ತೀನಿ. ಹಾಗಂತ ಮನಸ್ಸಲ್ಲೇ ಅಂದ್ಕೊಂಡಿದೀನಿ. ಹುಚ್ಚು ಅನ್ಸುತ್ತೆ ಅಲ್ವಾ? ಇವರಿಗೂ ಹೇಳಿಲ್ಲ," ಅಂದಳು.

ನನಗೊಬ್ಬಳಿಗೇ ಹೇಳಿದ್ದಳು.

ನಾವಿಬ್ಬರೇ ದೋಣಿಯ ಹತ್ತಿರ ಬಂದು ಡಬ್ಬಿ ತೆಗೆದು ನೋಡಿದರೆ ತಂತಿ ಒಂದೇ ಲೀಡರಿಗಾಗುವಷ್ಟಿತ್ತು. ಹಿಂದಿನ ದಿನ ಕಲ್ಲಿಗೆ, ಮರದ ಕೊರಡಿಗೆ ಸಿಕ್ಕಿ ಉಳಿದದ್ದೆಲ್ಲ ಹಾಳಾಗಿತ್ತು. ಪೇಟೆ ನಲವತ್ತು ನಿಮಿಷದ ದಾರಿ, ಹೋಗಿ ತರಬಹುದಿತ್ತು. ಇದ್ದ ಒಂದನ್ನು ಅವಳಿಗೆ ಕೊಡಬಹುದಿತ್ತು. ನಾನು ಅದನ್ನು ನನ್ನ ರಾಡಿಗೆ ಕಟ್ಟಿಕೊಂಡೆ.

"ತಂತಿ ಬೇಡ್ವಾ ಅಕ್ಕ?" ಅಂತ ಅವಳು ಕೇಳಿದಳು.

"ದಪ್ಪ ನೈಲಾನ್ ಸಾಕು ನಿಂಗೆ. ತಂತಿ ಕಂಡ್ರೆ ದೊಡ್ಡ ಮೀನು ಹತ್ರ ಬರಲ್ಲ."

ಅವಳು ತಲೆಯಾಡಿಸಿದಳು. ಯಾಕೆ, ಏನು ಅಂತ ಒಂದು ಮಾತೂ ಕೇಳಲಿಲ್ಲ. ಮೊಣಕಾಲ ನಡುವೆ ಹುಸಿಮೀನು ಇಟ್ಟುಕೊಂಡು, ಎಂಜಲು ಹಚ್ಚಿ, ನಾಲ್ಕು ಸಲ ಬಿಚ್ಚಿ ಐದನೇ ಸಲ ಗಂಟು ಹಾಕಿದಳು. ತುಟಿಗೆ ತಾಗಿಸಿ ನೋಡಿದಳು. ಒಳ್ಳೆಯ ಗಂಟು ಅದು. ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು, ನನ್ನದಕ್ಕಿಂತ ಚೆನ್ನಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ, ಜೊಂಡಿನ ಅಂಚಿನಲ್ಲಿ ಅವಳ ರಾಡು ಬಿಲ್ಲಿನ ಹಾಗೆ ಬಾಗಿತು. ಮೀನು ಒಮ್ಮೆ ದೋಣಿಯ ಪಕ್ಕಕ್ಕೆ ಬಂದು ಮಗ್ಗುಲು ತಿರುಗಿತು — ಅಯ್ಯೋ ದೇವರೇ, ಹಸಿರು ಮೈ, ಬಿಳಿ ಚುಕ್ಕೆ, ಅಂಥ ಪೈಕನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ವಸುಧಾ ಆ ಜೋಮು ಹಿಡಿದ ಬೆರಳುಗಳಲ್ಲೇ ದಾರವನ್ನು ಬಿಡುತ್ತ, ಎಳೆಯುತ್ತ, ಹತ್ತು ನಿಮಿಷ ಅದನ್ನು ಆಡಿಸಿದಳು. ಏನೂ ತಪ್ಪು ಮಾಡಲಿಲ್ಲ. ಮೀನು ತಲೆ ಕೊಡವಿತು. ದಾರ ಸಡಿಲವಾಯಿತು.

ನಾನೇ ದಾರವನ್ನು ಒಳಗೆಳೆದುಕೊಂಡೆ. ಗಂಟು ಜಾರಿದ್ದರೆ ನೈಲಾನಿನ ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ. ಇದು ಹಾಗಿರಲಿಲ್ಲ. ನೆಟ್ಟಗಿತ್ತು, ಕೊನೆಯ ಎರಡಿಂಚು ತರಿತರಿಯಾಗಿ ಸವೆದು ಓರೆಯಾಗಿ ತುಂಡಾಗಿತ್ತು. ಹಲ್ಲು. ಬೇರೇನೂ ಅಲ್ಲ, ಹಲ್ಲು. ಗಂಟು ಹುಸಿಮೀನಿನ ಜೊತೆಗೇ ಆ ಮೀನಿನ ಬಾಯಲ್ಲಿ ಹೋಗಿತ್ತು. ತುದಿ ನೋಡಿ ತಿಳಿಯುವ ಈ ಪಾಠವೊಂದನ್ನು ನಾನು ಅವಳಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಆದರೆ ಅವಳು ಹಲ್ಲಿನ ಡಾಕ್ಟರು. ಕೈಗೆ ಕೊಟ್ಟಿದ್ದರೆ ಪಾಠ ಬೇಕಾಗಿರಲಿಲ್ಲ.

"ಏನಾಯ್ತು ಅಕ್ಕ?" ಅಂದಳು.

ಅವಳಿಗೆ ಬೆನ್ನು ಮಾಡಿ, ಜೇಬಿನ ಕಟರ್ ತೆಗೆದು ಆ ತುದಿಯನ್ನು ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. "ಗಂಟು ಬಿಚ್ಚಿಕೊಂಡಿದೆ ವಸು," ಅಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಬರೆ ಹಾಕಿದೆ, ಮೊದಲೇ ನೊಂದಿದ್ದ ಕೈಗೇ ಹಾಕಿದೆ. ಅವಳು ಅಳಲಿಲ್ಲ. ತನ್ನ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡು, "ನಂಗೆ ಗೊತ್ತಾಗ್ಬೇಕಿತ್ತು," ಅಂದಳು. ಆಗಲೂ ಹೇಳಬಹುದಿತ್ತು. ಆಗ ಹೇಳಿದ್ದರೆ ಎರಡು ಮಾತು ಬೈಸಿಕೊಂಡು ಮುಗಿಯುತ್ತಿತ್ತು. ಬದಲಿಗೆ ಆವತ್ತು ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, "ಪಾಪ, ಗಂಟು ಜಾರಿಬಿಡ್ತು," ಅಂತ ಎಲ್ಲರಿಗೂ ನಾನೇ ಹೇಳಿದೆ. ಮೈದುನ ಅವಳ ಬೆನ್ನ ಮೇಲೆ ಕೈಯಿಟ್ಟ. ಅವಳು ತಟ್ಟೆ ನೋಡುತ್ತ ನಕ್ಕಳು.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತಂತಿ ಕೊಡದಿದ್ದದ್ದು ಹೊಟ್ಟೆಕಿಚ್ಚು. ಸುಳ್ಳು ಹೇಳಿದ್ದು ಮರ್ಯಾದೆಗೆ ಅಂಜಿ — ಪೈಕ್‌ಗೆ ತಂತಿಯಿಲ್ಲದೆ ಕಳಿಸಿದಳಂತೆ ಫಿಶಿಂಗ್ ಆಂಟಿ, ಅಂತ ನಾಲ್ಕು ಜನ ನಗಬಾರದು ಅಂತ. ಅಷ್ಟೇ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡದನ್ನು ಕಿತ್ತುಕೊಳ್ಳುತ್ತಾರೆಯೇ? ನಾನು ಕಿತ್ತುಕೊಂಡೆ.

ವಸುಧಾ ಕ್ಲಿನಿಕ್‌ಗೆ ಹೋಗಲಿಲ್ಲ. ಈಗ ಮನೆಯಲ್ಲಿ ಕೂತು ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಯಾರ್ಯಾರದೋ ಹಲ್ಲಿನ ಎಕ್ಸ್‌ರೇ ನೋಡಿ ಷರಾ ಬರೆಯುತ್ತಾಳೆ. ರಾಡನ್ನು ಮತ್ತೆ ಮುಟ್ಟಲಿಲ್ಲ. ದೀಪಾವಳಿಗೆ ಹೂ ಕಟ್ಟುವಾಗಲೂ, "ನೀವು ಕಟ್ಟಿ, ನನ್ನ ಗಂಟು ನಿಲ್ಲಲ್ಲ," ಅಂತ ತಮಾಷೆ ಮಾಡುತ್ತಾಳೆ. ಎಲ್ಲರೂ ನಗುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಕಳೆದ ಭಾನುವಾರ ಅವಳ ಫೋನ್ ಬಂತು. ಆಸ್ಟಿನ್‌ನಲ್ಲಿ ಓದುತ್ತಿರುವ ನಿಧಿ ಫ್ರೆಂಡ್ಸ್ ಜೊತೆ ಪೈಕ್ ಹಿಡಿಯಲು ಮಿನ್ನೆಸೋಟಾ ಕಡೆ ಹೊರಟಿದ್ದಾಳಂತೆ. "ರಾಡು, ಲೀಡರ್ ಎಲ್ಲ ನೀನೇ ಆರಿಸು ಅಕ್ಕ. ಗಂಟೂ ನೀನೇ ಹಾಕಿಕೊಡು, ನಿನ್ನ ಕೈ ಅಂದ್ರೆ ನಂಗೆ ಧೈರ್ಯ," ಅಂದಳು. ಆಮೇಲೆ, ಹಾಲು ತಂದೆ, ಮೊಸರು ತಂದೆ ಅನ್ನುವ ಹಾಗೆ, "ಈ ತಿಂಗಳು ನನ್ನ ಡೆಂಟಲ್ ಲೈಸೆನ್ಸ್ ಮುಗಿಯುತ್ತೆ. ರಿನ್ಯೂ ಮಾಡಲ್ಲ. ಸುಮ್ನೆ ಯಾಕೆ ಆಸೆ ಇಟ್ಕೊಳ್ಳೋದು," ಅಂದಳು.

ಸರಿ ಸರಿ ಅಂದು ಫೋನ್ ಇಟ್ಟೆ.

ಆ ಎರಡಿಂಚು ನೈಲಾನ್ ಇನ್ನೂ ನನ್ನ ಹತ್ತಿರ ಇದೆ. ಹುಸಿಮೀನಿನ ಡಬ್ಬಿಯ ಸ್ಪಂಜಿನ ಕೆಳಗೆ ನಾಲ್ಕು ವರ್ಷದಿಂದ ಇದೆ. ಯಾಕೆ ಬಿಸಾಕಲಿಲ್ಲವೋ ನನಗೇ ಗೊತ್ತಿಲ್ಲ. ಸತ್ಯ ತಿಳಿದಮೇಲೆ ಅವಳ ಬೆರಳು ಸರಿಹೋಗುತ್ತದೆ ಅಂತ ನಾನು ತಿಳಿದಿಲ್ಲ. ಅವಳು ಕ್ಲಿನಿಕ್‌ಗೆ ಹೋಗಿದ್ದರೂ ಕೈ ನಡೆಯುತ್ತಿತ್ತೋ ಇಲ್ಲವೋ, ಯಾರು ಬಲ್ಲರು. ಆದರೆ ಅದನ್ನು ಹೋಗಿ ನೋಡಿ ತಿಳಿಯಬೇಕಾದವಳು ಅವಳಾಗಿದ್ದಳು. ದೋಣಿಯಲ್ಲಿ ಕೂತು ತೀರ್ಪು ಕೊಡಲು ನಾನ್ಯಾರು?

ಶನಿವಾರ ಬೆಳಿಗ್ಗೆ ಗಂಡನನ್ನೂ ಕರೆದುಕೊಂಡು ಡಲ್ಲಾಸ್‌ಗೆ ಡ್ರೈವ್ ಮಾಡುತ್ತೇನೆ. ನಿಧಿಗೆ ಒಂಬತ್ತನೇ ನಂಬರಿನ ರಾಡು ತಂದಿದ್ದೇನೆ. ತಂತಿಯ ಸುರುಳಿ ಮೂರು. ಗಂಟು ಒಂದನ್ನೂ ಹಾಕಿಲ್ಲ. ಅದು ಅವಳ ಅಮ್ಮನ ಕೆಲಸ. ಆ ಎರಡಿಂಚಿನ ತುಂಡನ್ನು ಮಾತ್ರೆಯ ಡಬ್ಬಿಗೆ ಹಾಕಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಮೈದುನನ ಎದುರಿಗೆ, ಎಲ್ಲರ ಎದುರಿಗೆ ಕೊಡಬೇಕು — ಸುಳ್ಳು ಹೇಳಿದ್ದು ಎಲ್ಲರ ಎದುರಿಗೇ ತಾನೆ. ಕೊಟ್ಟರೆ ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತು. ತುಟಿಗೆ ತಾಗಿಸಿ ನೋಡುತ್ತಾಳೆ. ಅವಳಿಗೆ ಅರೆಗಳಿಗೆ ಸಾಕು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ. ಆಗ ನಾನು, "ನಿನ್ನ ಗಂಟು ಬಿಚ್ಚಿರಲಿಲ್ಲ ವಸು, ನಾನು ಸುಳ್ಳು ಹೇಳಿದೆ," ಅನ್ನಬೇಕು. ಅದರ ಮೇಲೆ ಒಂದು ಮಾತನ್ನೂ ಸೇರಿಸಬಾರದು.