ಕುಡಿಯದವರ ಅಕ್ಷರಕ್ಕೆ ವೈನ್

ಬೋರ್ಡ್ ಅಂಗಡಿಯ ಸೊಸೆಗೆ ಬೀದಿಯವರು ಇಟ್ಟ ಹೆಸರು ಸ್ಟಿಕರ್ ಅಕ್ಕ. ಅವಳ ಮಾವ ಒಂದು ಕಾಲದ ಬೋರ್ಡ್ ಪೇಂಟರ್. ಬಾಯಿ ಎಷ್ಟು ಒರಟೋ ಅಕ್ಷರ ಅಷ್ಟೇ ದುಂಡು. ಅವರ ಕೈ ನಡುಗಲು ಶುರುವಾಗುವ ಮೊದಲೇ ಕೂರಿಸಿ, ಅಕ್ಷರಗಳನ್ನೆಲ್ಲ ಬರೆಸಿ, ಸ್ಟಿಕರ್ ಕತ್ತರಿಸುವ ಯಂತ್ರದ ಪ್ರೋಗ್ರಾಂಗೆ ಇಳಿಸಿದ್ದಳು. ಕುಂಚ ಮೂಲೆ ಸೇರಿತು, ಕೈಬರಹ ಉಳಿಯಿತು.

ಆ ಪ್ರೋಗ್ರಾಂ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಮುದಿ ಕಂಪ್ಯೂಟರ್ ವಿಂಡೋಸ್ ಹೊತ್ತು ಏದುಸಿರು ಬಿಡುತ್ತಿದೆಯೆಂದು ಮೈದುನ ಅದನ್ನು ತೆಗೆದು, ಅದರ ಜಾಗಕ್ಕೆ ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿಕೊಟ್ಟ. ಕಂಪ್ಯೂಟರ್ ಕರುವಿನ ಹಾಗೆ ಕುಣಿಯಿತು. ಮಾವನವರ ಅಕ್ಷರ ತೆರೆಯಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಅಷ್ಟರಲ್ಲೇ ಟೈಲರ್ ಬಂದ. ಅವನ ಅಂಗಡಿ ಜಾಗ ಬದಲಾಗಿತ್ತು, ಬೋರ್ಡ್ ಬದಲಾಗಬಾರದಂತೆ. ‘ಟೈಲರ್’ ಎಂಬುದರ ಕೊನೆಯ ಅಕ್ಷರದ ಬಾಲ ದಾರ ಪೋಣಿಸಿದ ಸೂಜಿಯಂತೆಯೇ ಇರಬೇಕು. ಅದು ಮಾವನವರ ಕೈಗಲ್ಲದೆ ಯಾರಿಗೂ ಬಾರದ ಬಾಲ. ಆಗುತ್ತದೆ ಎಂದಳು. ಹೇಗೆಂದು ಆಮೇಲೆ ಯೋಚಿಸಿದಳು.

ಮೈದುನನ ಹತ್ತಿರ ದಾರಿಗಳಿಗೆ ಬರವಿರಲಿಲ್ಲ. ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟು, ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬಹುದು ಎಂದ. ಒಂದೇ ಮನೆಗೆ ಎರಡು ಒಲೆ ಬೇಡ ಎಂದಳು. ಲಿನಕ್ಸ್ ಒಳಗೇ ಒಂದು ಹುಸಿ ಕಂಪ್ಯೂಟರ್ ಎಬ್ಬಿಸಿ ಅದರಲ್ಲಿ ವಿಂಡೋಸ್ ಕೂರಿಸಬಹುದು ಎಂದ. ಇದಕ್ಕಿರುವ ಮೆಮೊರಿಗೆ ಅದು ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆ ಎಂದಳು.

"ಹಾಗಾದ್ರೆ ವೈನ್ ಹಾಕೋಣ ಅತ್ತಿಗೆ."

ವಿಂಡೋಸ್ ಇಲ್ಲದೆಯೇ, ಅದರ ಪ್ರೋಗ್ರಾಂ ಆಡಿದ್ದನ್ನು ಲಿನಕ್ಸ್‌ಗೆ ತಿಳಿಯುವಂತೆ ಒಪ್ಪಿಸುವ ದುಭಾಷಿಯ ಹೆಸರು ಅದು. ಹುಟ್ಟಿದ ಮೇಲೆ ಒಂದು ಹನಿ ಮುಟ್ಟದ ಮಾವನವರಿಗೆ ಒಳಕೋಣೆಯಲ್ಲಿ ಕೇಳಿಸಿದ್ದು ಹೆಸರು ಮಾತ್ರ.

"ನನ್ನ ಅಕ್ಷರಕ್ಕೆ ಕುಡಿಸ್ಬೇಡಿ" ಎಂದರು.

ಮೈದುನ ವೈನ್ ಹಾಕಿದ. ಪ್ರೋಗ್ರಾಂ ತೆರೆಯಿತು, ಸೂಜಿಬಾಲ ಪರದೆಯ ಮೇಲೆ ಮಿಂಚಿತು. ಯಂತ್ರದ ಬ್ಲೇಡು ಮಾತ್ರ ಎತ್ತಲೋ ಹೊರಟು, ಎಲ್ಲೋ ನಿಂತು, ತೂರಾಡುತ್ತ ಹಾಳೆಯ ಅಂಚಿಗೆ ಬಂದು ಬಿತ್ತು.

"ಹೇಳಿದ್ನಲ್ಲ" ಎಂದರು ಮಾವ.

ವೈನ್ ತೆಗೆಯಲು ಹೊರಟ ಮೈದುನನನ್ನು ಅವಳು ತಡೆದಳು. ಅಕ್ಷರ ಸರಿಯಿದೆ, ಬ್ಲೇಡು ಸರಿಯಿದೆ. ನಡುವೆ ಮಾತು ಕೆಟ್ಟಿದೆ. ಯಂತ್ರದ ಗುಂಡಿಗಳನ್ನು ಒತ್ತಿ ನೋಡಿದಳು. ಅದು ಕೇಳಿಸಿಕೊಳ್ಳುವ ವೇಗ ಒಂದು, ಹೊಸದಾಗಿ ಕೂತ ಪ್ರೋಗ್ರಾಂ ಕಳಿಸುವ ವೇಗ ಇನ್ನೊಂದು.

"ನಿಮ್ಮಣ್ಣ ಊಟಕ್ಕೆ ಕೂತು ಮಾತಾಡಿದ ಹಾಗೆ, ಅರ್ಧ ನುಂಗ್ತಿದೆ" ಎನ್ನುತ್ತ ಎರಡನ್ನೂ ಸಮ ಮಾಡಿದಳು.

ಬ್ಲೇಡು ಗೆರೆ ತಪ್ಪದೆ ನಡೆಯಿತು. ಮಾವನವರು ಬಂದು ಸೂಜಿಬಾಲದ ಮೇಲೆ ಬೆರಳೆಳೆದರು. ಬೆರಳು ನಡುಗುತ್ತಿತ್ತು, ಗೆರೆಗೆ ಅದು ಗೊತ್ತಿರಲಿಲ್ಲ. ಹೊಗಳಿ ಅಭ್ಯಾಸವಿಲ್ಲದ ಮನುಷ್ಯ; "ನಂದೇ" ಎಂದರು, ಅಷ್ಟೇ.

ಮಿಕ್ಕಿದ್ದು ಟೈಲರ್ ಬೋರ್ಡ್ ಒಯ್ಯಲು ಬಂದಾಗ ಹೊರಬಿತ್ತು.

"ನಮ್ಮ ಸೊಸೆ ಹಾಕೋ ವೈನ್ ಬೇರೆ ಯಾರ ಅಂಗಡೀಲೂ ಸಿಗಲ್ಲ ಕಣಯ್ಯ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಟೈಲರ್ ಈಗಲೂ ಆ ಅಂಗಡಿಯ ಹೊಸಿಲು ದಾಟುವಾಗ ಒಮ್ಮೆ ಗಾಳಿ ಮೂಸಿ ನೋಡುತ್ತಾನೆ.