ರಂಗಸ್ವಾಮಿಯ ಕೈ, ಯಜಮಾನರ ಶಾಲು

ಎರಡು ಸಾವಿರದ ಇಸವಿಯ ಜನವರಿ. ಕೊಳ್ಳೇಗಾಲದ ಒಂದು ಮಿಷನ್ ಆಸ್ಪತ್ರೆಯಲ್ಲಿ ನಾನು ಆಗ ನರ್ಸಿಂಗ್ ಸೂಪರಿಂಟೆಂಡೆಂಟ್. ಕೋಪ ಅನ್ನುವುದು ಒಂದು ಲಗ್ಜುರಿ ಎಂದು ಕಾನ್ವೆಂಟಿನಲ್ಲಿ ನಮ್ಮ ಮದರ್ ಕಲಿಸಿದ್ದರು. ಆ ವರ್ಷ ಆ ಲಗ್ಜುರಿಯನ್ನು ಧಾರಾಳವಾಗಿ ಅನುಭವಿಸಿದೆ. ಈಗ, ಎಪ್ಪತ್ತೆಂಟರಲ್ಲಿ ನೆನೆದರೂ ಬಿಪಿ ಏರುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಗಂಡಸರನ್ನೇ ಸೇರಿಸಿ ಕಟ್ಟಿದ ಸ್ವಯಂಸೇವಕರ ಪದಾತಿ ಬೆಟಾಲಿಯನ್ ಒಂದಿತ್ತು. ಇವರು ಪೂರ್ಣಾವಧಿ ಸೈನಿಕರಲ್ಲ. ತಮ್ಮ ತಮ್ಮ ಕಸುಬು ಮಾಡಿಕೊಂಡು, ವರ್ಷಕ್ಕೊಮ್ಮೆ ಕ್ಯಾಂಪಿಗೆ ಹೋಗಿ ಬರುವವರು. ಯುದ್ಧ ಬಂದರೆ ಸರ್ಕಾರ ಇವರನ್ನು ‘ಎಂಬಾಡಿ’ ಮಾಡುತ್ತದೆ, ಅಂದರೆ ಯೂನಿಫಾರ್ಮ್ ತೊಡಿಸಿ ಕರೆಸಿಕೊಳ್ಳುತ್ತದೆ. ಕಾರ್ಗಿಲ್ ಶುರುವಾದಾಗ ಯಳಂದೂರಿನ ಫಿಟ್ಟರ್, ಬಂಡಳ್ಳಿಯ ರೈತ, ಕೊಳ್ಳೇಗಾಲದ ನೇಕಾರ ಎಲ್ಲರೂ ಒಂದೇ ರೈಲು ಹತ್ತಿದರು. ಕಾಶ್ಮೀರದಲ್ಲಿ ಮದ್ದುಗುಂಡಿನ ಡಿಪೋ ಕಾಯುವುದು, ಮುಳ್ಳುತಂತಿ ಎಳೆಯುವುದು, ಮರಳುಮೂಟೆ ಪೇರಿಸುವುದು ಅವರ ಡ್ಯೂಟಿ. ಟಿವಿಯಲ್ಲಿ ಕಾಣದ ಯುದ್ಧ ಅದು.

ಆ ನೇಕಾರನೇ ರಂಗಸ್ವಾಮಿ. ಚಳಿಗೆ ಅಂಗೈ ಬಿರಿದು, ಬಲಗೈಯನ್ನು ತಂತಿ ಸೀಳಿ, ಹುಣ್ಣಾಗಿ ಮಾಯ್ದ ಮೇಲೆ ಊರಿಗೆ ಬಂದಿದ್ದ. ಡಾಕ್ಟರು ಫಿಟ್ ಎಂದಿದ್ದರು. ಅವನ ಹೆಂಡತಿ ರತ್ನಮ್ಮ ನನ್ನ ಮುಂದೆ ಸೆರಗಿನ ಗಂಟು ಬಿಚ್ಚಿ, ಒಂದು ರೇಷ್ಮೆ ಎಳೆ ತೆಗೆದು ಅವನ ಅಂಗೈ ಮೇಲೆ ಎಳೆದಳು. ಎಳೆ ಅಲ್ಲೇ ಸಿಕ್ಕಿಕೊಂಡು ತುಂಡಾಯಿತು.

“ಇಡೀತದೆ ಸಿಸ್ಟರಮ್ಮ. ಈ ಕೈಲಿ ನೇದ್ರೆ ಸೀರೆ ಅಲ್ಲ, ಗೋಣಿತಾಟು ಆಯ್ತದೆ.”

ಒರಟು ಕೈಯವರಿಗೆ ನೇಕಾರರು ನೂಲು ಮುಟ್ಟಿಸುವುದಿಲ್ಲ. ಮಗ್ಗಕ್ಕೆ ಕೂರುವವನು ಮನೆಯಲ್ಲಿ ಸೌದೆ ಕೂಡ ಒಡೆಯುವುದಿಲ್ಲ.

ಮಗ್ಗಕ್ಕೆ ಉದ್ದುದ್ದ ಹೂಡುವ ನೂಲಿಗೆ ಹಾಸು ಎನ್ನುತ್ತಾರೆ. ಅದನ್ನು ಕೊಟ್ಟು ನೇಯಿಸುವವರು ರೇಷ್ಮೆ ವ್ಯಾಪಾರಿ, ಊರಿಗೆಲ್ಲ ‘ಯಜಮಾನ್ರು’. ಕೈ ನೋಡಿದವರೇ ರಂಗಸ್ವಾಮಿಗೆ ಹಾಸು ನಿಲ್ಲಿಸಿಬಿಟ್ಟಿದ್ದರು. ಯಳಂದೂರಿನ ಫಿಟ್ಟರ್‌ಗೆ ಕಾರ್ಖಾನೆಯ ಕೆಲಸ ವಾಪಸ್ ಸಿಕ್ಕಿತ್ತು, ಅದಕ್ಕೆ ಕಾನೂನೇ ಇದೆ. ನೇಕಾರ ಯಾರ ನೌಕರನೂ ಅಲ್ಲವಲ್ಲ, ಅವನಿಗೆ ಯಾವ ಕಾನೂನು? ವಾಟ್ ನಾನ್ಸೆನ್ಸ್! ಕರೆಸಿಕೊಳ್ಳುವಾಗ ಈ ಭೇದ ಯಾರಿಗೂ ನೆನಪಾಗಲಿಲ್ಲ.

ಗಣರಾಜ್ಯೋತ್ಸವದ ದಿನ ಯೋಧರಿಗೆ ಸನ್ಮಾನ. ನನ್ನನ್ನೂ ವೇದಿಕೆಗೆ ಕರೆದಿದ್ದರು. ರೇಷ್ಮೆ ಶಾಲು ಹೊದಿಸಿದವರು ಇದೇ ಯಜಮಾನರು. ಜಾರುತ್ತಿದ್ದ ಶಾಲನ್ನು ರಂಗಸ್ವಾಮಿ ಸರಿಮಾಡಿಕೊಳ್ಳಲು ಹೋದ. ಎಳೆ ಕೈಗೆ ಸಿಕ್ಕಿಕೊಂಡಿತು.

“ಮುಟ್‌ಬ್ಯಾಡ ಕಣ್ಲಾ, ಎಳೆ ಎದ್ದೋಯ್ತದೆ,” ಎಂದರು ಯಜಮಾನರು, ಮೈಕಿನ ಮುಂದೆಯೇ.

ಮುಂದಿನ ಸಾಲಿನವರು ನಕ್ಕರು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ, ಪರೇಡಿನಲ್ಲಿ ‘ವಿಶ್ರಾಮ್’ ಅಂದಾಗ ನಿಲ್ಲುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಮೈಕಿಗೆ ಹೋದೆ. ಇವನ ಕೈ ಮೆತ್ತಗಾದರೆ ಹಾಸು ಕೊಡುತ್ತೀರಾ ಎಂದು ಯಜಮಾನರನ್ನು ಎಲ್ಲರ ಎದುರೇ ಕೇಳಿದೆ. ಅದಕ್ಕೇನಂತೆ, ಧಾರಾಳವಾಗಿ ಎಂದರು. ಚಪ್ಪಾಳೆ ಬಿತ್ತು.

ಮಾರನೆಯ ದಿನದಿಂದ ಆ ಕೈಯೇ ನನ್ನ ಕೇಸು. ಬಿಸಿನೀರಿನಲ್ಲಿ ನೆನೆಸುವುದು, ಸತ್ತ ಚರ್ಮ ಮೆಲ್ಲಗೆ ತೆಗೆಯುವುದು, ತಂತಿಯ ಕಲೆಯನ್ನು ಒತ್ತಿ ಒತ್ತಿ ನೀವುವುದು, ಮುಲಾಮು ಸವರಿ ಕಾಟನ್ ಗ್ಲೌಸ್ ತೊಡಿಸುವುದು. ರತ್ನಮ್ಮ ಮನೆಯಲ್ಲಿ ಅವನಿಗೆ ಒಂದು ಕೊಡವನ್ನೂ ಎತ್ತಗೊಡಲಿಲ್ಲ. “ಮದ್ವೆ ಎಣ್ಣು ಕಣಮ್ಮ ಈವಯ್ಯ, ಮದರಂಗಿ ಒಂದು ಬಾಕಿ,” ಎಂದು ಅಣಕಿಸುತ್ತಿದ್ದಳು. ಬಂದಾಗಲೆಲ್ಲ ಎಳೆಯ ಪರೀಕ್ಷೆ. ಮುಂಗಾರಿನ ಹೊತ್ತಿಗೆ ಒಂದು ದಿನ ಎಳೆ ಎಲ್ಲೂ ನಿಲ್ಲದೆ ಜಾರಿತು. ರತ್ನಮ್ಮ ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಮೂವರೂ ಯಜಮಾನರ ಅಂಗಡಿಗೆ ಹೋದೆವು. ಅವರೂ ಎಳೆದು ನೋಡಿ ತಲೆದೂಗಿದರು. ನಿಜವಾದ ಮಾತು ಬಂದದ್ದು ಆಮೇಲೆ. ಕೈಯೇನೋ ಸರಿ, ನಾಳೆ ಮತ್ತೆ ಯುದ್ಧ ಅಂತ ಅರ್ಧ ಸೀರೆ ಮಗ್ಗದಲ್ಲೇ ಬಿಟ್ಟು ಹೋದರೆ? ಬೆಟಾಲಿಯನ್ ಬಿಟ್ಟು ಬಂದರೆ ಹಾಸು, ಇಲ್ಲದಿದ್ದರೆ ಇಲ್ಲ.

ಅಷ್ಟು ತಿಂಗಳು ಕೈ ಬರೀ ನೆಪ! ಊರ ಮುಂದೆ ಕೊಟ್ಟ ಮಾತು ಏನಾಯಿತೆಂದು ಕೇಳಿದೆ. ದೇಶಭಕ್ತಿ ಬೇರೆ, ವ್ಯಾಪಾರ ಬೇರೆ ಸಿಸ್ಟರ್ ಎಂದರು, ಮಗುವಿಗೆ ಹೇಳುವ ಹಾಗೆ.

ರಂಗಸ್ವಾಮಿ ಕೇಳಿದ: “ಎಲ್ರೂ ಮಗ್ಗದಲ್ಲೇ ಕುಂತ್ಕಂಡ್ರೆ, ಬರೋ ವರ್ಸ ಶಾಲು ಒದ್ಸಾಕೆ ನಿಮ್ಗೆ ಯಾರು ಸಿಕ್ತಾರೆ ಯಜಮಾನ್ರೆ?”

ಯಜಮಾನರು ಸೀರೆ ಮಡಿಸತೊಡಗಿದರು.

ಮಾತಿನಲ್ಲಿ ಅವನೇ ಗೆದ್ದ. ಆದರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಉಳಿದ ವ್ಯಾಪಾರಿಗಳೂ ಅದನ್ನೇ ಹೇಳಿದರು. ಮಳೆಗಾಲ ಮುಗಿಯುವ ಮೊದಲೇ ಅವನು ಬೆಟಾಲಿಯನ್ ಬಿಟ್ಟ, ಹಾಸು ಬಂತು. ಆ ಬೀದಿಯಲ್ಲಿ ಹೋಗುವಾಗ ಅವನ ಮಗ್ಗದ ಸದ್ದು ಕೇಳಿ, ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯದೆ ನಿಲ್ಲುತ್ತಿದ್ದೆ.

ಆಮೇಲೆ ನನ್ನ ನರ್ಸುಗಳಿಗೆ ಒಂದು ರೂಲ್ ಮಾಡಿದೆ. ಡಿಸ್ಚಾರ್ಜ್ ಆಗುವವರನ್ನು ನೋವಿದೆಯೇ ಎಂದಷ್ಟೇ ಕೇಳಬೇಡಿ. ಹೋಗಿ ಯಾವ ಕೆಲಸಕ್ಕೆ ಕೂರಬೇಕು, ಆ ಕೆಲಸ ಕೊಡುವವರು ಯಾರು, ಅದನ್ನೂ ಕೇಳಿ. ಕೈ ವಾಸಿ ಮಾಡುವುದು ನಮಗೆ ಗೊತ್ತು. ಆ ಕೈಗೆ ಕೆಲಸ ಕೊಡದ ಊರಿಗೆ ನಮ್ಮಲ್ಲಿ ಮುಲಾಮಿಲ್ಲ.

ನಾನು ರಿಟೈರ್ ಆದ ದಿನ ಊರಿನ ದೊಡ್ಡವರು ನನಗೂ ಒಂದು ರೇಷ್ಮೆ ಶಾಲು ತಂದು ಹೊದಿಸಿದರು. ಅದು ಭುಜದಿಂದ ಜಾರಿತು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಂತಿದ್ದೆ.