ಕನ್ಯಾ ನೋಡಲು ಹೋಗಿ ಮೂತ್ರಪಿಂಡ ವಿವರಿಸಿದ್ದು

ಕನ್ಯಾ ನೋಡಲು ಯಲಬುರ್ಗಾಕ್ಕೆ ಹೋಗಿದ್ದೆ. ಹುಡುಗಿ ಚಹಾ ಕೊಟ್ಟು ಎದುರಿಗೆ ಕೂತು, 'ನಿಮ್ಮ ಸಂಶೋಧನೆ ಯಾವುದರ ಮ್ಯಾಲ್ರಿ?' ಎಂದಳು. ಅಷ್ಟು ಸಾಕಾಯಿತು ನನಗೆ.

ಗರ್ಭದಲ್ಲಿ ಮೂತ್ರಪಿಂಡ ತಾನಾಗಿ ಬೆಳೆಯುವುದಿಲ್ಲ; ಅಕ್ಕಪಕ್ಕದ ಎರಡು ಅಂಗಾಂಶಗಳು ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನು ಕಳಿಸಿ ಒಂದನ್ನೊಂದು ಕರೆಯಬೇಕು. ಒಂದು ಸುಮ್ಮನಾದರೆ ಎರಡೂ ಅಲ್ಲಿಗೇ ನಿಂತವು. ನರಕೋಶದ ಗತಿಯೂ ಅಷ್ಟೇ, ಆ ಪ್ರೋಟೀನು ಸಿಗದಿದ್ದರೆ ಸಾಯುತ್ತದೆ. ಹೀಗೆ ಚಹಾ ಆರಿ ಕೆನೆಗಟ್ಟುವವರೆಗೂ ಹೇಳಿದೆ. ಅವರಪ್ಪ ಗೋಡೆಗೆ ಆತು ತೂಕಡಿಸುತ್ತಿದ್ದರು.

'ತಿಳೀತೇನ್ರಿ?' ಎಂದೆ.

'ತಿಳೀತ್ರಿ. ಎರಡೂ ಕಡಿಯಿಂದ ಕರೀಬೇಕು ಅಂದ್ರಿ. ಇಲ್ಲಿ ನೀವೊಬ್ರ ಮಾತಾಡಾಕತ್ತೀರಿ.'

ಮರುದಿನವೇ ಒಲ್ಲೆ ಎಂದು ಹೇಳಿಕಳಿಸಿದಳು. ನನ್ನ ಸಂಶೋಧನೆ ಪೂರ್ತಿ ಅರ್ಥವಾದದ್ದು ಇವತ್ತಿಗೂ ಅವಳೊಬ್ಬಳಿಗೇ.